ಫ್ಲೆಕ್ಸಿನಲ್ಲಿದ್ದ ಟ್ಯಾಂಕು

ಹೋದ ಡಿಸೆಂಬರಿನಲ್ಲಿ ನಾನು ಸತ್ತವನೊಬ್ಬನ ಬಾಯಿಗೆ ಅವನು ಆಡದ ಮಾತು ತುರುಕಿದೆ. ಅದೂ ಅವನ ಸ್ವಂತ ಮಗನ ಎದುರಿಗೆ, ನಮ್ಮ ಮನೆಯ ಸೋಫಾದ ಮೇಲೆ ಕೂತು. ಆ ಮನುಷ್ಯ ಅತ್ತ. ಬಗ್ಗಿ ನನ್ನ ಕಾಲು ಮುಟ್ಟಿದ. ನಾನು ಮುಟ್ಟಿಸಿಕೊಂಡೆ.

ನಾವು ಮಲ್ಲತ್ತಹಳ್ಳಿಯ ಹಳೇ ಊರಿನವರು. ಹೊಲವೆಲ್ಲ ಬಡಾವಣೆಯಾದ ಮೇಲೆ ನಾನು ಬ್ಯಾಡರಹಳ್ಳಿಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟೆ. ರಾಜೇಂದ್ರ ಅಂದರೆ ಯಾರಿಗೂ ತಟ್ಟನೆ ತಿಳಿಯುವುದಿಲ್ಲ, ಸಿಮೆಂಟ್ ರಾಜಣ್ಣ ಅಂದರೆ ತಿಳಿಯುತ್ತದೆ. ನನಗೆ ಕೋಪ ಜಾಸ್ತಿ ಎಂಬುದೂ ಎಲ್ಲರಿಗೂ ತಿಳಿದಿದೆ.

ನಮ್ಮಪ್ಪ ಹನುಮಂತಯ್ಯನಿಗೆ ಈಗ ಎಪ್ಪತ್ತಾರು. ಹತ್ತೊಂಬತ್ತಕ್ಕೇ ಮಿಲಿಟರಿ ಸೇರಿದವನು. ಟ್ಯಾಂಕ್ ರೆಜಿಮೆಂಟು. ಹಿಂದೆ ಕುದುರೆಗಳಿದ್ದ ಪಡೆಯಂತೆ, ಕುದುರೆ ಹೋಗಿ ಟ್ಯಾಂಕು ಬಂದರೂ ಅಲ್ಲಿ ಸಾಮಾನ್ಯ ಸಿಪಾಯಿಗೆ ಸವಾರ ಎಂದೇ ಹೆಸರು. ಅಪ್ಪ ಟ್ಯಾಂಕಿನೊಳಗೆ ಕೂರುತ್ತಿದ್ದವನೂ ಅಲ್ಲ. ರೆಕ್ಕಿ ಟ್ರೂಪ್ ಅಂತ ಒಂದು ತುಕಡಿ ಇರುತ್ತದೆ. ಟ್ಯಾಂಕುಗಳಿಗಿಂತ ಮುಂಚೆ ತೆರೆದ ಜೀಪುಗಳಲ್ಲಿ ಹೋಗಿ, ನೆಲ ಗಟ್ಟಿಯಿದೆಯಾ, ಹಳ್ಳ ದಾಟಬಹುದಾ, ಎದುರಿಗೆ ಯಾರಿದ್ದಾರೆ, ಎಲ್ಲಿ ಮೈನು ಹೂತಿದ್ದಾರೆ ಎಂದು ನೋಡಿ ವೈರ್‌ಲೆಸ್ಸಿನಲ್ಲಿ ಹಿಂದಿನವರಿಗೆ ತಿಳಿಸುವುದು ಅದರ ಕೆಲಸ. ಎಪ್ಪತ್ತೊಂದರ ಯುದ್ಧದಲ್ಲಿ ಅಪ್ಪ ಅಂಥ ಒಂದು ಜೀಪಿನ ಡ್ರೈವರು. ಗುಂಡು ಹಾರಿಸಬೇಡಿ, ಹಾರಿಸಿದರೆ ನೀವು ಅಲ್ಲಿರುವುದು ಗೊತ್ತಾಗುತ್ತದೆ, ನೋಡಿ, ಹೇಳಿ, ಬನ್ನಿ ಎಂದೇ ಅವರಿಗೆ ಕಲಿಸಿದ್ದು. ಕಂಡದ್ದನ್ನು ಕಂಡೆ ಅನ್ನಬೇಕು, ಕಾಣದ್ದನ್ನು ಕಂಡಿಲ್ಲ ಅನ್ನಬೇಕು. ಇರಬಹುದು, ಇದ್ದಂಗಿತ್ತು ಎಂಬ ಮಾತು ಆ ತುಕಡಿಯಲ್ಲಿ ಇರಲಿಲ್ಲವಂತೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಆಗಸ್ಟ್ ಹದಿನೈದಕ್ಕೆ ನಮ್ಮ ಸರ್ಕಾರಿ ಶಾಲೆಗೆ ಅಪ್ಪನನ್ನು ಕರೆದಿದ್ದರು. ಯಾರೋ ಹುಡುಗ ಎದ್ದು ನಿಂತು, ಎಷ್ಟು ಜನಾನ ಹೊಡೆದ್ರಿ ಎಂದು ಕೇಳಿದ. ಅಪ್ಪ ಒಂದು ಗಳಿಗೆ ಯೋಚನೆ ಮಾಡಿ, ಒಬ್ಬರನ್ನೂ ಹೊಡೆದಿಲ್ಲ, ಹೋಗಿ ನೋಡಿ ಬಂದು ಹೇಳೋದು ನಮ್ಮ ಕೆಲಸ ಎಂದ. ಮೇಷ್ಟ್ರು ಚಪ್ಪಾಳೆ ತಟ್ಟಿಸಿದರು. ಅವತ್ತು ಮಧ್ಯಾಹ್ನಕ್ಕೇ ನನಗೆ ಇಣುಕಪ್ಪನ ಮಗ ಅಂತ ಹೆಸರು ಬಿತ್ತು. ಹೆಸರಿಟ್ಟವನು ಬಸವಕುಮಾರ್. ಹತ್ತನೇ ಕ್ಲಾಸಿನವರೆಗೆ ನನ್ನ ಬೆಂಚಿನ ಹಿಂದೆಯೇ ಕೂತು ಕಿವಿಯಲ್ಲಿ ಅದನ್ನೇ ಅನ್ನುತ್ತಿದ್ದ. ನಾಲ್ಕು ಸಲ ಹೊಡೆದಾಡಿದೆ. ಹೆಸರು ಹೋಗಲಿಲ್ಲ.

ಅಪ್ಪ ಮಿಲಿಟರಿ ಬಿಟ್ಟು ಬಂದು ರಾಜಾಜಿನಗರದ ಒಂದು ಕಾರ್ಖಾನೆಯ ಗೇಟಿನಲ್ಲಿ ಇಪ್ಪತ್ತೈದು ವರ್ಷ ಕೆಲಸ ಮಾಡಿದ. ಆ ಬುದ್ಧಿ ಮಾತ್ರ ಬಿಡಲಿಲ್ಲ. ನನಗೆ ಮೊದಲು ನೋಡಿದ ಹೆಣ್ಣಿನ ಕಡೆಯವರು ಮನೆಗೆ ಬಂದು, ಹುಡುಗ ಕುಡಿಯೋದು ಗಿಡಿಯೋದು ಏನೂ ಇಲ್ವಲ್ಲ ಯಜಮಾನ್ರೇ ಎಂದು ಕೇಳಿದರು. ಯಾವ ತಂದೆಯಾದರೂ ಇಲ್ಲ ಅನ್ನುತ್ತಾನೆ. ನಮ್ಮಪ್ಪ, "ನಾನು ಕಂಡಿಲ್ಲ. ಎರಡು ಸಲ ವಾಸನೆ ಬಂದಿತ್ತು" ಎಂದ. ಬಂದವರು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದರು. ಅವ್ವ ವಾರಗಟ್ಟಲೆ ಅಪ್ಪನ ಹತ್ತಿರ ಮಾತಾಡಲಿಲ್ಲ. ನಾನು ತಿಂಗಳು ಮಾತಾಡಲಿಲ್ಲ.

ಇನ್ನು ಹೋದ ನವೆಂಬರಿಗೆ ಬರುತ್ತೇನೆ. ನಮ್ಮ ಅಡ್ಡರಸ್ತೆಗೆ ಹೆಸರಿಡಬೇಕೆಂದು ಬಡಾವಣೆಯ ಸಂಘದ ಸಭೆ ಕರೆದರು. ಸಂಘದ ಕಾರ್ಯದರ್ಶಿ ಈಗ ಅದೇ ಬಸವಕುಮಾರ್. ಅವನಿಗೆ ತನ್ನ ಮಾವನ ಹೆಸರು ಇಡಿಸುವ ಆಸೆ. ಯಾರೋ ಹಿರಿಯರು, ಹನುಮಂತಯ್ಯನವರು ಯುದ್ಧ ಮಾಡಿದವರು, ಅವರ ಹೆಸರಿಡೋಣ ಎಂದರು. ಬಸವಕುಮಾರ್ ನಕ್ಕ. ಖಾಕಿ ಹಾಕಿದವರಿಗೆಲ್ಲ ಒಂದೊಂದು ರಸ್ತೆ ಕೊಟ್ಟರೆ ಬೆಂಗಳೂರಲ್ಲಿ ರಸ್ತೆ ಸಾಲುವುದಿಲ್ಲ ಎಂದ. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲ ಗುರು, ನಿಮ್ಮಪ್ಪ ಅಲ್ಲಿ ಏನ್ ಮಾಡಿದ್ರು? ಇಣುಕಿ ನೋಡಿ ಬಂದ್ರು ತಾನೇ?" ಎಂದ.

ನನ್ನ ತಲೆ ಕೆಟ್ಟಿತು. "ಮೂರು ಟ್ಯಾಂಕ್ ಹೊಡೆದವ್ರೆ ಕಣೋ ನಮ್ಮಪ್ಪ. ಹೇಳ್ಕೊಂಡು ತಿರುಗಿಲ್ಲ ಅಷ್ಟೆ."

ಬಾಯಿಂದ ಬಿದ್ದುಹೋಯಿತು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಲವತ್ತು ವರ್ಷದಲ್ಲಿ ಮೊದಲ ಸಲ ಬಸವಕುಮಾರ್ ನನ್ನ ಎದುರಿಗೆ ಬಾಯಿ ಮುಚ್ಚಿದ್ದ. ಆ ರುಚಿ ಹತ್ತಿತು. ಜೀಪಿನಿಂದ ಹಾರಿ, ತೆವಳಿಕೊಂಡು ಹೋಗಿ, ಬಾಂಬು ಎಸೆದು ಎಂದೆಲ್ಲ ಸೇರಿಸಿದೆ. ಅಪ್ಪನ ಹೆಸರಿಗೆ ಎಲ್ಲರೂ ಕೈಯೆತ್ತಿದರು. ಪಾಲಿಕೆಗೆ ಅರ್ಜಿ ಬರೆಯುವಾಗ ಅದರಲ್ಲೂ ಮೂರು ಟ್ಯಾಂಕು ಹೋಯಿತು. ಡಿಸೆಂಬರ್ ಹದಿನೈದನೇ ತಾರೀಕು ಭಾನುವಾರ ನಾಮಫಲಕದ ಅನಾವರಣ, ಸನ್ಮಾನ, ಊಟ ಎಂದು ಗೊತ್ತಾಯಿತು.

ಹತ್ತು ದಿನ ಮುಂಚೆ ಮಾರೇನಹಳ್ಳಿಗೆ ಹೋಗಿ ಫ್ಲೆಕ್ಸ್ ಮಾಡಿಸಿದೆ. ಪೆನ್ಶನ್ ಕಾರ್ಡಿಗೆ ತೆಗೆಸಿದ್ದ ಅಪ್ಪನ ಫೋಟೊ ಕೊಟ್ಟೆ. ಫ್ಲೆಕ್ಸ್ ಅಂಗಡಿಯವನು ಮೀಸೆಗೆ ಕಪ್ಪು ಬಳಿದ, ತಲೆಗೆ ಹೆಲ್ಮೆಟ್ ಇಟ್ಟ, ಇಂಟರ್‌ನೆಟ್ಟಿನಿಂದ ಒಂದು ದೊಡ್ಡ ಟ್ಯಾಂಕ್ ಇಳಿಸಿ ಅದರ ಮೇಲೆ ಅಪ್ಪನನ್ನು ಕೈಮುಗಿಸಿ ನಿಲ್ಲಿಸಿದ. ಹಿಂದೆ ಬೆಂಕಿ ಬೇಕಾ ಎಂದು ಕೇಳಿದ. ಹಾಕು ಎಂದೆ. ರೆಜಿಮೆಂಟಿನ ಹೆಸರು, ರೆಕ್ಕಿ ಟ್ರೂಪು, ಎಪ್ಪತ್ತೊಂದರ ಯುದ್ಧ, ಕೆಳಗೆ ಕೆಂಪಕ್ಷರದಲ್ಲಿ 'ಮೂರು ಶತ್ರು ಟ್ಯಾಂಕುಗಳನ್ನು ಧ್ವಂಸ ಮಾಡಿದ ವೀರ ಸವಾರ'. ಮರಕ್ಕೆ, ಕಂಬಕ್ಕೆ ಕಟ್ಟಿದರೆ ಪಾಲಿಕೆಯವರು ಕಿತ್ತುಕೊಂಡು ಹೋಗುತ್ತಾರೆಂದು ನಮ್ಮ ಮನೆಯ ಮಹಡಿಯ ಕಂಬಿಗೇ ಕಟ್ಟಿಸಿದೆ. ಮುಖ್ಯರಸ್ತೆಗೆ ಚೆನ್ನಾಗಿ ಕಾಣುತ್ತಿತ್ತು.

ಅಪ್ಪ ಬೆಳಗಿನ ವಾಕಿಂಗಿಗೆ ಹೊರಟವನು ರಸ್ತೆಯ ಆಚೆ ಬದಿಗೆ ನಿಂತು ಅದನ್ನು ಬಹಳ ಹೊತ್ತು ನೋಡಿದ. ಕೆರೆಯ ಕಡೆ ಹೋಗಲಿಲ್ಲ, ವಾಪಸ್ಸು ಬಂದ. ನಾನು ಶೇವ್ ಮಾಡಿಕೊಳ್ಳುತ್ತಿದ್ದೆ.

"ಆ ಮೂರು ಟ್ಯಾಂಕ್ ಹೊಡೆದಿದ್ದನ್ನ ಯಾರು ನೋಡಿದ್ರಪ್ಪ?" ಎಂದ.

ನಾನು ರೇಜರ್ ಬಿಸಾಕಿ ತಿರುಗಿಬಿದ್ದೆ. ನಿನ್ನಿಂದ ಜೀವಮಾನವೆಲ್ಲ ತಲೆ ತಗ್ಗಿಸಿದ್ದಾಗಿದೆ, ಊರಲ್ಲಿ ಇಣುಕಪ್ಪನ ಮಗ ಅನ್ನಿಸಿಕೊಂಡಿದ್ದೀನಿ, ಬಂದ ಸಂಬಂಧ ನೀನೇ ಮುರಿದೆ, ಈಗ ನಾಲ್ಕು ಜನ ಮರ್ಯಾದೆ ಕೊಡುತ್ತಾರೆ ಅನ್ನುವಾಗ ಅದಕ್ಕೂ ಮಣ್ಣು ಹಾಕಬೇಡ ಎಂದೆಲ್ಲ ಕೂಗಾಡಿದೆ. ಕೊನೆಗೆ, "ಭಾನುವಾರ ಮುಗಿಯೋವರೆಗೂ ಬಾಯಿ ಮುಚ್ಕೊಂಡಿರು. ಯಾರು ಏನೇ ಕೇಳಿದ್ರೂ ನಾನು ಹೇಳ್ತೀನಿ. ನೀನು ಮಾತಾಡಬೇಡ" ಎಂದೆ.

ಅಪ್ಪನಿಗೆ ನಾನು ಹಾಗೆಂದೆ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅಪ್ಪ "ಸರಿ" ಎಂದು ಒಳಗೆ ಹೋದ. ಮಿಲಿಟರಿಯಲ್ಲಿ ಹುಕುಂ ಬಂದರೆ ಸರಿ ಅನ್ನುತ್ತಾರಲ್ಲ, ಅದೇ ಸರಿ.

ಶುಕ್ರವಾರ ಮಧ್ಯಾಹ್ನ ಒಬ್ಬರು ಸ್ಕೂಟರಿನಲ್ಲಿ ಬಂದರು. ಐವತ್ತು ದಾಟಿದವರು, ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ತೆಳ್ಳಗೆ ವಿಭೂತಿ. ಬಾಗಿಲಲ್ಲೇ ನಿಂತು ಹೆಸರು ಚನ್ನವೀರೇಶ್, ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್, ಮನೆ ಬಸವೇಶ್ವರನಗರ ಎಂದು ಹೇಳಿಕೊಂಡರು. ಈ ಕಡೆ ಯಾರನ್ನೋ ನೋಡಲು ಬಂದಿದ್ದರಂತೆ, ಫ್ಲೆಕ್ಸ್ ನೋಡಿ ಸ್ಕೂಟರ್ ನಿಲ್ಲಿಸಿದರಂತೆ. ಅವರ ತಂದೆಯೂ ಅದೇ ರೆಜಿಮೆಂಟು, ಅದೇ ರೆಕ್ಕಿ ಟ್ರೂಪು. ಚನ್ನವೀರಪ್ಪ ಅಂತ. ಹಾವೇರಿ ಕಡೆಯವರು. ಎಪ್ಪತ್ತೊಂದರ ಡಿಸೆಂಬರಿನಲ್ಲಿ ತೀರಿಕೊಂಡರು. "ಅವರು ಹೋದ ನಾಕು ತಿಂಗಳಿಗೆ ನಾನು ಹುಟ್ಟಿದ್ದು ಸಾರ್. ಅದಕ್ಕೇ ಅವರ ಹೆಸರೇ ನನಗಿಟ್ಟಿದ್ದು. ನಿಮಗೆ ಅವರು ಗೊತ್ತಿದ್ರಾ ಅಂತ ಕೇಳೋಕ್ ಬಂದೆ."

ಅಪ್ಪ ಕುರ್ಚಿಯಿಂದ ಎದ್ದು ನಿಂತಿದ್ದ. ಯಾವಾಗ ಎದ್ದನೋ ನಾನು ನೋಡಲಿಲ್ಲ. ಬಂದವರ ಮುಖವನ್ನು ಹಣೆಯಿಂದ ಗಲ್ಲದವರೆಗೆ ನೋಡುತ್ತಿದ್ದ. ಬಾಯಿ ತೆರೆದ, ಮತ್ತೆ ಮುಚ್ಚಿದ. ಆಮೇಲೆ ನನ್ನ ಕಡೆ ತಿರುಗಿದ. ಕೇಳುತ್ತಿದ್ದ ಅವನು, ಹೇಳಲಾ ಎಂದು. ನಾನೇ ಹುಕುಂ ಮಾಡಿದ್ದೆನಲ್ಲ.

ನನಗೆ ಕಂಡದ್ದು ಒಂದೇ. ಇವನು ಬಾಯಿ ಬಿಟ್ಟರೆ ನಾವು ಯಾರನ್ನೂ ಹೊಡೆದಿಲ್ಲ ಅನ್ನುತ್ತಾನೆ, ಈ ಮನುಷ್ಯ ಅದನ್ನು ಹೊರಗೆ ಹೇಳುತ್ತಾನೆ, ಬಸವಕುಮಾರನ ಕಿವಿಗೆ ಬೀಳುತ್ತದೆ, ಭಾನುವಾರ ಮುಗಿಯಿತು.

"ಗೊತ್ತಿಲ್ದೆ ಏನ್ ಸಾರ್, ಅಪ್ಪನ ಜೊತೆ ಒಂದೇ ಜೀಪಲ್ಲಿ ಇದ್ರು" ಎಂದೆ. ಅದನ್ನು ಅಪ್ಪ ಎಂದೂ ನನಗೆ ಹೇಳಿರಲಿಲ್ಲ. ಆ ಹೆಸರನ್ನೇ ನಾನು ಕೇಳಿರಲಿಲ್ಲ. ಕೂರಿಸಿ ಕಾಫಿ ತರಿಸಿ ಕತೆ ಶುರು ಮಾಡಿದೆ. ಮೊದಲ ಎರಡು ಟ್ಯಾಂಕು ಅಪ್ಪ ಹೊಡೆದದ್ದು, ಮೂರನೆಯದನ್ನು ನಿಮ್ಮ ತಂದೆ, ಅಪ್ಪ ಸೇರಿ ಹೊಡೆದದ್ದು ಎಂದೆ. ಅವರ ತಂದೆಗೂ ಒಂದು ಪಾಲು ಕೊಟ್ಟೆ, ದೊಡ್ಡ ಮನಸ್ಸು ನನ್ನದು. ಆಗ ನಿಮ್ಮ ತಂದೆಗೆ ಗುಂಡು ಬಿತ್ತು ಎಂದೆ. ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟರು. ಕಣ್ಣು ಮುಚ್ಚುವ ಮುಂಚೆ ನಗುನಗುತ್ತಾ ಜೈ ಹಿಂದ್ ಎಂದರು.

ಚನ್ನವೀರೇಶ್ ಕಾಫಿ ಲೋಟ ಕೆಳಗಿಟ್ಟು ಕರ್ಚೀಫು ತೆಗೆದರು. ಗಂಡಸು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ. ತಾಯಿ ಇದ್ದಾರಂತೆ, ಜಗದಾಂಬಾ ಅಂತ, ಎಪ್ಪತ್ತೆರಡು ವರ್ಷ. ಕೊನೆಗೆ ಏನಂದರು ಎಂಬುದೊಂದು ಗೊತ್ತಾಗಲಿಲ್ಲವಲ್ಲ ಎಂದು ಈಗಲೂ ಅನ್ನುತ್ತಾರಂತೆ. ಭಾನುವಾರ ಅವರನ್ನೂ ಕರೆದುಕೊಂಡು ಬರುತ್ತೇನೆ ಎಂದರು. ಅಪ್ಪನ ಕಾಲು ಮುಟ್ಟಿದರು. ಆಮೇಲೆ ನನ್ನ ಕಾಲು. ವಿಳಾಸದ ಕಾರ್ಡು ಟೀಪಾಯಿಯ ಮೇಲಿಟ್ಟು ಹೋದರು.

ಸ್ಕೂಟರಿನ ಸದ್ದು ತಿರುವು ದಾಟುವವರೆಗೆ ಅಪ್ಪ ನಿಂತೇ ಇದ್ದ. ಆಮೇಲೆ ಕಾರ್ಡು ತೆಗೆದು ಕಣ್ಣಿನ ಹತ್ತಿರ ಹಿಡಿದು ಓದಿದ.

"ಅವನು ಜೈ ಹಿಂದ್ ಅನ್ನಲಿಲ್ಲ" ಎಂದ.

"ಅಂದಿದ್ರೆ ಏನ್ ನಷ್ಟ? ಅವರಿಗೂ ಒಂದು ಸಮಾಧಾನ" ಎಂದೆ.

"ನನ್ನ ಬಸವೇಶ್ವರನಗರಕ್ಕೆ ಕರ್ಕೊಂಡು ಹೋಗು. ಆಯಮ್ಮಂಗೆ ನಾನೊಂದು ಮಾತು ಹೇಳೋದಿದೆ."

ಭಾನುವಾರ ಆಗಲಿ, ಸೋಮವಾರ ನಾನೇ ಕರೆದುಕೊಂಡು ಹೋಗುತ್ತೇನೆ, ಈಗ ಹೋದರೆ ಎಲ್ಲ ಕೆಡುತ್ತದೆ ಎಂದೆ. ಅಪ್ಪ ವಾದ ಮಾಡಲಿಲ್ಲ. ಅವನು ಒಪ್ಪಿದ ಎಂದುಕೊಂಡು ನಾನು ಅಂಗಡಿಗೆ ಹೋದೆ.

ಶನಿವಾರ ಬೆಳಗ್ಗೆ ಎಂಟೂವರೆಗೆ ಅಂಗಡಿಯಲ್ಲಿದ್ದಾಗ ಅವ್ವ ಫೋನ್ ಮಾಡಿದಳು. ಅಪ್ಪ ಕೋಟು ಹಾಕಿಕೊಂಡು, ಕೋಲು ಹಿಡಿದು ಹೊರಟುಹೋಗಿದ್ದಾನೆ, ಟೀಪಾಯಿಯ ಮೇಲೆ ಕಾರ್ಡಿಲ್ಲ ಎಂದಳು. ಕಾರು ತೆಗೆದುಕೊಂಡು ನಾಗರಬಾವಿಯೆಲ್ಲ ಸುತ್ತಿದೆ. ಮೂಡಲಪಾಳ್ಯದಲ್ಲಿ ಸಿಕ್ಕಿದ. ಫುಟ್‌ಪಾತಿನ ಕಲ್ಲು ಕಿತ್ತುಹೋಗಿದ್ದ ಕಡೆ ನಿಂತು, ಮುಂದಿನ ಕಲ್ಲನ್ನು ಕೋಲಿನಿಂದ ಕುಟ್ಟಿ ನೋಡಿ, ಆಮೇಲೆ ಅದರ ಮೇಲೆ ಕಾಲಿಡುತ್ತಿದ್ದ. ಜೀವಮಾನವೆಲ್ಲ ಅವನು ಹಾಗೆಯೇ ನಡೆದದ್ದು. ಅವತ್ತಿನವರೆಗೆ ನನಗೆ ಅದು ಮೈ ಉರಿಸುವ ಅಭ್ಯಾಸವಾಗಿತ್ತು ಅಷ್ಟೆ.

ಕಾರು ಅಡ್ಡ ನಿಲ್ಲಿಸಿ ಇಳಿದು ಬೈದೆ. ಆಟೋದವನೊಬ್ಬ, ಯಾಕಣ್ಣ ವಯಸ್ಸಾದವ್ರಿಗೆ ಹಂಗಂತೀರ ಎಂದ. ಅವನಿಗೂ ಬೈದೆ.

ಅಪ್ಪ ಕೇಳಿಸಿಕೊಂಡು, "ಐವತ್ಮೂರು ವರ್ಷ ತಡ ಆಗಿದೆ. ನೀನು ಇನ್ನೆರಡು ದಿನ ಅಂತೀಯ. ಬಸವೇಶ್ವರನಗರಕ್ಕೆ ಹೋಗೋದಾದ್ರೆ ಹತ್ತುತೀನಿ, ಇಲ್ಲಾ ನಡ್ಕೊಂಡು ಹೋಗ್ತೀನಿ" ಎಂದ.

ಹತ್ತಿಸಿಕೊಂಡೆ. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಹೋಗಿ ಏನಾದರೂ ಹೇಳು, ಆ ಮೂರು ಟ್ಯಾಂಕಿನ ವಿಷಯ ಮಾತ್ರ ಎತ್ತಬೇಡ ಎಂದು ಬೇಡಿಕೊಂಡೆ. ಬಯ್ಯುವುದು ಮುಗಿದು ಬೇಡುವುದಕ್ಕೆ ಇಳಿದಿದ್ದೆ. ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅಪ್ಪ ಕಿಟಕಿಯ ಆಚೆ ನೋಡುತ್ತಾ, "ಆ ಫ್ಲೆಕ್ಸಲ್ಲಿರೋ ಟ್ಯಾಂಕು ನಮ್ದಲ್ಲ ಕಣೋ. ಅವರದ್ದು" ಎಂದ.

"ಏನು?"

"ಅದು ಪ್ಯಾಟನ್ನು. ಅಂಥದ್ದು ಕಂಡ್ರೆ ಹಿಂದಕ್ಕೆ ಹೇಳಬೇಕು ಅಂತ ನಮಗೆ ಚಿತ್ರ ತೋರಿಸಿ ಕಲಿಸಿದ್ರು. ಅದರ ಮೇಲೇ ನನ್ನ ನಿಲ್ಲಿಸಿದೀಯ."

"ಮೊದಲೇ ಹೇಳೋಕೇನಾಗಿತ್ತು ನಿಂಗೆ?"

"ಬಾಯಿ ಮುಚ್ಕೊಂಡಿರು ಅಂದ್ಯಲ್ಲ."

ಹತ್ತು ದಿನದಿಂದ ನಮ್ಮಪ್ಪ ಶತ್ರುವಿನ ಟ್ಯಾಂಕಿನ ಮೇಲೆ ನಿಂತು ಇಡೀ ಮಲ್ಲತ್ತಹಳ್ಳಿಗೆ ಕೈಮುಗಿಯುತ್ತಿದ್ದ. ಸಿಗ್ನಲ್ ಬಿಟ್ಟು ಹಿಂದಿನವರು ಹಾರ್ನ್ ಹೊಡೆದರು. ನಾನು ಗೇರ್ ಹಾಕುವುದನ್ನು ಮರೆತಿದ್ದೆ.

ಜಗದಾಂಬಾ ಅವರ ಮನೆ ಮೊದಲ ಮಹಡಿಯಲ್ಲಿತ್ತು. ಬಾಗಿಲು ತೆರೆದ ಚನ್ನವೀರೇಶ್ ನಮ್ಮನ್ನು ನೋಡಿ ಬಹಳ ಸಂತೋಷಪಟ್ಟು, ಅವ್ವಾ, ಅವರೇ ಬಂದಾರ ನೋಡು ಎಂದು ಕರೆದರು. ಸಣ್ಣ ಮೈಕಟ್ಟಿನ ಹೆಂಗಸು, ದಪ್ಪ ಕನ್ನಡಕ. ಒಳಗಿನಿಂದ ಬಂದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಅವರ ತಲೆಯ ಮೇಲೆ ಚನ್ನವೀರಪ್ಪನವರ ಫೋಟೊ ಇತ್ತು. ಇಪ್ಪತ್ತೆರಡು ವರ್ಷದ ಹುಡುಗ. ಮಗನಿಗೆ ಮಗನಂತೆ ಕಾಣುತ್ತಿದ್ದ.

ಕೂರಿ ಅಂದರೂ ಅಪ್ಪ ಕೂರಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು ನಿಂತ.

"ತಾಯಿ, ನಾನು ಎಪ್ಪತ್ತೆರಡರ ಫೆಬ್ರವರಿಯಲ್ಲಿ ನಿಮ್ಮೂರಿಗೆ ಬಂದಿದ್ದೆ. ಕೊನೇಲಿ ಏನಂದ್ರು ಅಂತ ನೀವು ಕೇಳಿದ್ರಿ. ನಾನು ದೂರ ಇದ್ದೆ, ನೋಡಿಲ್ಲ ಅಂದೆ. ಅದು ಸುಳ್ಳು. ನೋಡಿದ್ದೆ."

ಆಮೇಲೆ ಹೇಳಿದ. ಬೆಳಗ್ಗೆ ಏಳೂಕಾಲು ಗಂಟೆ. ಮಂಜು. ಎದುರಿಗೆ ಒಂದು ಹಳ್ಳ, ಬಲಕ್ಕೆ ಕಬ್ಬಿನ ಗದ್ದೆ. ಜೀಪಿನಲ್ಲಿ ಮೂವರು. ಜೀಪಿನ ಮುಖ್ಯಸ್ಥರಾದ ದಫೇದಾರರು ಇಳಿದು ಎಡಗಡೆ ಹೋದರು. ಚನ್ನವೀರಪ್ಪ ನೆಲ ನೋಡಲು ನೇರ ಮುಂದೆ ಹೋದ. ಡ್ರೈವರಾದ್ದರಿಂದ ಅಪ್ಪ ಜೀಪಿನಲ್ಲೇ ವೈರ್‌ಲೆಸ್ ಹಿಡಿದು ಕೂತ. ಮೂವತ್ತು ಹೆಜ್ಜೆಯಲ್ಲಿ ಮೈನು ಸಿಡಿಯಿತು. ಚನ್ನವೀರಪ್ಪ ಬಿದ್ದ. ಹಿಂದೆ ಅರ್ಧ ಮೈಲಿಯಲ್ಲಿ ನಮ್ಮ ಟ್ಯಾಂಕುಗಳು, ಅವು ಇಂಜಿನ್ ಚಾಲೂ ಮಾಡಿದ ಸದ್ದು ಕೇಳಿಸುತ್ತಿತ್ತು. ಮೊದಲು ತಿಳಿಸಬೇಕು, ಆಮೇಲೆ ಮಿಕ್ಕಿದ್ದು ಎಂಬುದು ನಿಯಮ. ಅಪ್ಪ ತಿಳಿಸಿದ. ಹಳ್ಳದ ದಂಡೆಯಲ್ಲಿ ಮೈನಿದೆ, ಈ ದಾರಿ ಬೇಡ. ಆ ಕಡೆಯವರು ಅದನ್ನು ಮರಳಿ ಹೇಳುವವರೆಗೆ ಬಿಡುವಂತಿಲ್ಲ. ಮಂಜಿಗೋ ಏನೋ ಅವರಿಗೆ ಸರಿಯಾಗಿ ಕೇಳಿಸಲಿಲ್ಲ. ನಾಲ್ಕು ಸಲ ಹೇಳಬೇಕಾಯಿತು.

"ಅಷ್ಟು ಹೊತ್ತೂ ಅವನು ಕೂಗ್ತಾ ಇದ್ದ ತಾಯಿ. ಮೂರು ಸಲ ಕೂಗಿದ. ಒಂದೇ ಮಾತು. ಹನಮಂತಾ, ನನ್ನ ಬೂಟ ಎಲ್ಲಿ ಬಿತ್ತು ನೋಡೋ ಅಂತ. ಇರು, ನೋಡ್ತೀನಿ ಅಂತ ನಾನು ಒಂದು ಸಲ ಕೂಗಿ ಹೇಳಿದೆ. ಹತ್ತು ನಿಮಿಷ ಆದ ಮೇಲೆ ಅವನ ಹೆಜ್ಜೆ ಮೇಲೇ ಹೆಜ್ಜೆ ಇಟ್ಕೊಂಡು ಹೋದೆ. ಬೂಟು ಇಪ್ಪತ್ತಡಿ ಆಚೆ ಬಿದ್ದಿತ್ತು. ತಂದು ಪಕ್ಕದಲ್ಲಿ ಇಟ್ಟೆ. ಕಣ್ಣು ತೆರೆದಿತ್ತು. ಅವನು ಬೂಟು ನೋಡಿದ್ನೋ ಇಲ್ವೋ ನಂಗೆ ಗೊತ್ತಿಲ್ಲ."

ಕೆಳಗೆ ರಸ್ತೆಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಚನ್ನವೀರೇಶ್ ನನ್ನನ್ನು ನೋಡುತ್ತಿದ್ದರು. ನಾನು ನೆಲದ ಟೈಲ್ಸು ನೋಡುತ್ತಿದ್ದೆ.

"ಯಾವ ಕಾಲ್ರಿ?" ಎಂದರು ಜಗದಾಂಬಾ.

"ಬಲಗಾಲು."

"ಅವತ್ತ್ಯಾಕ ಹೇಳಲಿಲ್ಲ?"

"ನೀವು ತುಂಬಿದ ಬಸುರಿ. ಬೂಟು ಕೇಳ್ದ ಅಂತ ಹೆಂಗೆ ಹೇಳೋದು ಅನ್ನಿಸ್ತು. ಕರೀತಾ ಇದ್ದಾಗ ನಾನು ಹೋಗಲಿಲ್ಲ ಅಂತ ಹೇಳೋಕೂ ಹೆದರಿಕೆ ಆಯ್ತು."

"ಐವತ್ಮೂರು ವರ್ಷ ಅವರು ಒಬ್ಬರ ಸತ್ರು ಅಂತ ತಿಳಕೊಂಡೀನಿ" ಎಂದರು ಆಕೆ. ದನಿ ಏರಿಸಲಿಲ್ಲ. "ಕರದ್ರ ಓ ಅನ್ನಾಕೂ ಯಾರೂ ಇರಲಿಲ್ಲ ಅಂತ. ನೀವು ಓ ಅಂದಿದ್ರಿ. ಅದನ್ನರ ಹೇಳಬೇಕಿತ್ತು."

ಅಪ್ಪ ತಲೆ ತಗ್ಗಿಸಿದ. ಅವನು ತಲೆ ತಗ್ಗಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಕೆ ಫೋಟೊದ ಕಡೆ ತಿರುಗಿ ತಾವೇ ಹೇಳಿಕೊಳ್ಳುವಂತೆ ಮಾತಾಡಿದರು. ಚನ್ನವೀರಪ್ಪನವರು ಮಿಲಿಟರಿಗೆ ಸೇರುವವರೆಗೆ ಬರಿಗಾಲಿನಲ್ಲಿ ನಡೆದವರಂತೆ. ರಜೆಯಲ್ಲಿ ಬಂದು ಮದುವೆಯಾದಾಗ ಹೊಸ ಚಪ್ಪಲಿ ತಂದಿದ್ದರು. ಹುಡುಗಿಯ ಕಡೆಯವರು ಮದುಮಗನ ಚಪ್ಪಲಿ ಬಚ್ಚಿಡುವುದು ಪದ್ಧತಿ, ಇವರ ತಂಗಿಯರು ಒಯ್ದು ಹುಲ್ಲಿನ ಬಣವೆಯಲ್ಲಿ ಇಟ್ಟರು. ಎಲ್ಲರೂ ಮದುಮಗ ನಕ್ಕು ಕಾಣಿಕೆ ಕೊಡುತ್ತಾನೆ ಎಂದು ಕಾದರೆ, ಈ ಮನುಷ್ಯ ಬಾಸಿಂಗ ಕಟ್ಟಿಕೊಂಡೇ ಚಪ್ಪರವೆಲ್ಲ ಹುಡುಕಿ, ಊಟದ ಪಂಕ್ತಿಗೂ ಕೂರದೆ, ಕೊನೆಗೆ ಬಣವೆ ಕೆದರಿ ತೆಗೆದರಂತೆ. ಬರೆದ ನಾಲ್ಕು ಕಾಗದಗಳಲ್ಲೂ ಬೂಟಿಗೆ ಪಾಲಿಶ್ ಹಾಕಿದ ಸುದ್ದಿ ಇತ್ತಂತೆ. ಅದನ್ನು ಹೇಳುವಾಗ ಆಕೆ ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊತ್ತಿಕೊಂಡರು.

"ನಿನ್ನೆ ಇವ ಬಂದು, ಜೈ ಹಿಂದ್ ಅಂದು ಸತ್ರಂತ ಅಂದ. ಯಾರದೋ ಸುದ್ದಿ ಕೇಳಿದಂಗಾತು ನನಗ. ಬೂಟ ಅಂದ್ರಿ ನೋಡ್ರಿ, ಈಗ ಅವರ ದನಿ ಕೇಳಿಸ್ತು."

ಆಮೇಲೆ ನನ್ನ ಕಡೆ ತಿರುಗಿದರು. "ಜೈ ಹಿಂದ್ ಹೇಳಿದವರು ನೀವಾ?"

ಕೋಪ ಮಾಡಿಕೊಳ್ಳಲು ನೋಡಿದೆ. ಐವತ್ತು ವರ್ಷ ಎಲ್ಲ ಇಕ್ಕಟ್ಟಿನಿಂದ ನನ್ನನ್ನು ಹೊರಗೆ ಎಳೆದದ್ದು ಅದೇ. ಅವತ್ತು ಬರಲಿಲ್ಲ. "ನಾನೇ ಅಮ್ಮ. ನಾನು ನೋಡಿಲ್ಲ. ನೋಡದೇ ಇದ್ದದ್ದು ಹೇಳಿದೆ. ಟ್ಯಾಂಕಿನದೂ ಅಷ್ಟೆ" ಎಂದೆ.

"ಅಳಿಸಿದ್ರಲ್ಲ ಸಾರ್ ನನ್ನ" ಎಂದರು ಚನ್ನವೀರೇಶ್. "ನಿಮ್ಮ ಕಾಲು ಮುಟ್ಟಿದೆ ನಾನು."

ಅವರ ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಆಕೆ ಚಹಾ ಮಾಡಿಸಿದರು. ಮೂರು ಕಪ್ಪು ಬಂತು. ಅಪ್ಪ ಕುಡಿದ, ಅವರಿಬ್ಬರು ಕುಡಿದರು. ನನಗೆ ಇಡಲಿಲ್ಲ, ಅಥವಾ ಮರೆತರು. ಹೊರಡುವಾಗ ಆಕೆ ಅಪ್ಪನಿಗೆ, ಮತ್ತ ಬರ್ರಿ, ಅವರ ಸುದ್ದಿ ಇನ್ನೂ ಅದಾವಲ್ಲ, ಹೇಳುವಂತ್ರಿ ಎಂದರು. ನನಗೆ ಏನೂ ಅನ್ನಲಿಲ್ಲ.

ಅವತ್ತು ಸಂಜೆ ಸಂಘದವರು ಶಾಮಿಯಾನದ ಲೆಕ್ಕ ಮಾತಾಡಲು ಗಣೇಶನ ಗುಡಿಯ ಹಿಂದೆ ಸೇರಿದ್ದರು. ಹೋಗಿ ನಿಂತೆ. ಮೂರು ಟ್ಯಾಂಕ್ ಹೊಡೆದದ್ದು ಸುಳ್ಳು, ನಾನು ಕಟ್ಟಿದ್ದು, ಅರ್ಜಿ ವಾಪಸ್ಸು ತೆಗೆದುಕೊಳ್ಳುತ್ತೇನೆ ಎಂದೆ. ಒಬ್ಬರು, ಅಡಿಗೆಯವರಿಗೆ ಹೇಳಿಯಾಗಿದೆಯಲ್ಲ ಎಂದರು. ಇನ್ನೊಬ್ಬರು, ಸುಳ್ಳಾದರೆ ಆಯಿತು, ಯಾರು ಹೋಗಿ ಎಣಿಸಿದ್ದಾರೆ, ಸುಮ್ಮನಿರಿ ಎಂದರು.

ಬಸವಕುಮಾರ್ ಮಾತ್ರ ಕುರ್ಚಿ ಎಳೆದು ನನ್ನ ಎದುರಿಗೆ ಕೂತ. "ಮೂರು ಅಲ್ಲ ಅಂದ್ರೆ ಎಷ್ಟು ರಾಜಣ್ಣ?"

"ಒಂದೂ ಇಲ್ಲ."

"ಮತ್ತೆ ಏನ್ ಮಾಡಿದ್ರು?"

"ಹೋಗಿ ನೋಡಿ, ಹೇಳಿದ್ರು."

ಅವನಿಗೆ ಮಿಕ್ಕದ್ದನ್ನೂ ಹೇಳಬಹುದಿತ್ತು. ಬೂಟಿನದು, ನಾಲ್ಕು ಸಲ ಹೇಳಿದ್ದು. ಹೇಳಿದ್ದರೆ ಅವನ ಬಾಯಿ ಮತ್ತೆ ಮುಚ್ಚುತ್ತಿತ್ತು, ಫಲಕವೂ ಉಳಿಯುತ್ತಿತ್ತೋ ಏನೋ. ಆದರೆ ಅದು ಬಸವೇಶ್ವರನಗರದ ಆ ಮನೆಯ ಸುದ್ದಿ. ಇನ್ನೊಂದು ಸಲ ಅದನ್ನು ನನ್ನ ಮಾನಕ್ಕೆ ಖರ್ಚು ಮಾಡುವುದು ಬೇಡವಾಯಿತು. ಹಿಂದಿನಿಂದ ಯಾರೋ ಇಣುಕಪ್ಪ ಎಂದು ಗೊಣಗಿದ್ದು ಕೇಳಿಸಿತು. ಕೇಳಿಸಿಕೊಂಡು ಮನೆಗೆ ಬಂದೆ.

ಕತ್ತಲಾಗುವ ಮುಂಚೆ ಮಹಡಿಗೆ ಹತ್ತಿ ಫ್ಲೆಕ್ಸ್ ಇಳಿಸಿದೆ. ಮಡಿಸುವಾಗ ಅಪ್ಪನ ಮುಖ ಮೇಲೆ ಬಂತು, ಕಪ್ಪು ಮೀಸೆ, ಹೆಲ್ಮೆಟ್ಟು. ಇನ್ನೊಂದು ಮಡಿಕೆ ಹಾಕಿ ಒ‍ಳಗೆ ಸೇರಿಸಿದೆ. ಕೆಳಗೆ ಅಪ್ಪ ರೇಡಿಯೊ ಹಚ್ಚಿಕೊಂಡು ಕೂತಿದ್ದ. ಅವನ ಹತ್ತಿರ ಹೋಗಿ ತಪ್ಪಾಯಿತು ಅನ್ನಬೇಕೆಂದು ಎರಡು ಸಲ ಬಾಗಿಲವರೆಗೆ ಹೋಗಿ ವಾಪಸ್ಸು ಬಂದೆ. ಇವತ್ತಿನವರೆಗೂ ಅಂದಿಲ್ಲ.

ಭಾನುವಾರ ಬೆಳಗ್ಗೆ ಅಪ್ಪ ಎಂದಿನಂತೆ ಕೋಲು ಹಿಡಿದು ಹೊರಟ. ರಸ್ತೆ ದಾಟಿ, ಅವತ್ತು ನಿಂತಿದ್ದ ಜಾಗದಲ್ಲೇ ನಿಂತು ಮಹಡಿಯ ಕಡೆ ನೋಡಿದ. ನಾನು ಕೋಣೆಯ ಕಿಟಕಿಯಲ್ಲಿದ್ದೆ. ಐದು ನಿಮಿಷಕ್ಕೆ ವಾಪಸ್ಸು ಬಂದು ಅಡಿಗೆಮನೆಯ ಬಾಗಿಲಲ್ಲಿ ಅವ್ವನಿಗೆ ಹೇಳಿದ್ದು ಕೇಳಿಸಿತು.

"ಬೋರಮ್ಮ, ಇಳಿಸಿದಾನೆ. ನೋಡಿ ಬಂದೆ. ಹಗ್ಗ ಎರಡು ಇನ್ನೂ ನೇತಾಡ್ತಾ ಇವೆ."

ನಾನು ಚಾಕು ತೆಗೆದುಕೊಂಡು ಮಹಡಿಗೆ ಹೋಗಿ ಹಗ್ಗ ಕೊಯ್ದು ಹಾಕಿದೆ. ಎರಡೇ ಇದ್ದವು.